ಹೊಲ ಯಾರ ಹೆಸರಿನಲ್ಲಿದೆ?

ಕನ್ನಡ ಸಿನಿಮಾದ ಹಳ್ಳಿ ಎಷ್ಟರಮಟ್ಟಿಗೆ ನಿಜ ಎಂದು ಕೇಳಿದ್ದೀರಿ. ನಾನು ಮಂಡ್ಯದ ಕಡೆಯವನು, ಎರಡು ಎಕರೆ ಗದ್ದೆಯಿದ್ದ ಮನೆಯವನು. ಪರದೆಯ ಮೇಲೆ ಹಳ್ಳಿ ಕಂಡರೆ ನನಗೆ ಮೊದಲು ನೆನಪಾಗುವುದು ಪಹಣಿ. ಜಮೀನು ಯಾರ ಹೆಸರಿನಲ್ಲಿದೆ, ಕಳೆ ಕೀಳುವವರು ಯಾರು?

1972ರ ‘ಬಂಗಾರದ ಮನುಷ್ಯ’ದಲ್ಲಿ ರಾಜೀವ ಬಂಡೆಗಲ್ಲಿನ ನೆಲವನ್ನು ಹಸಿರು ಮಾಡುತ್ತಾನೆ. ರಾಜ್‌ಕುಮಾರ್ ಬೆವರು ಸುರಿಸುವುದನ್ನು ನೋಡಿದರೆ ನನಗೆ ಈಗಲೂ ಗುದ್ದಲಿ ಹಿಡಿಯುವ ಹುಮ್ಮಸ್ಸು ಬರುತ್ತದೆ. ಆದರೆ ಬರಡು ಭೂಮಿಯನ್ನಾದರೂ ನನ್ನದು ಎನ್ನಬೇಕಾದರೆ ಹುಟ್ಟಿದ ಜಾತಿ ಅಡ್ಡ ಬರಬಾರದು. ಆ ಪ್ರಶ್ನೆ ರಾಜೀವನಿಗೆ ಎದುರಾಗುವುದೇ ಇಲ್ಲ.

ಚೋಮನಿಗೆ ಎದುರಾಗುತ್ತದೆ. ಶಿವರಾಮ ಕಾರಂತರು 1933ರಲ್ಲಿ ಬರೆದ ‘ಚೋಮನ ದುಡಿ’ ತೆರೆಗೆ ಬಂದದ್ದು 1975ರಲ್ಲಿ. ಚೋಮನ ಬಳಿ ಎತ್ತುಗಳಿವೆ, ತೋಳಿನಲ್ಲಿ ಕಸುವಿದೆ, ಉಳಲು ನೆಲವಿಲ್ಲ. ಅಸ್ಪೃಶ್ಯನು ಬೇಸಾಯಗಾರನಾಗಕೂಡದು, ಅಷ್ಟೇ ಕಾರಣ. ಚಿತ್ರ ಬರುವ ಹಿಂದಿನ ವರ್ಷವಷ್ಟೇ ದೇವರಾಜ ಅರಸರ ಭೂಸುಧಾರಣೆ ಜಾರಿಯಾಗಿತ್ತು. ‘ಉಳುವವನೇ ಹೊಲದೊಡೆಯ’ ಎಂದರೂ ಗೇಣಿ ಭೂಮಿ ದಕ್ಕಿದ್ದು ಗೇಣಿದಾರನಿಗೆ. ಚೋಮನಂಥ ಜೀತದಾಳು ಗೇಣಿದಾರನೂ ಅಲ್ಲವಲ್ಲ!

ಈ ಚಿತ್ರವನ್ನು ನಾನು ಟಿ.ವಿ.ಯಲ್ಲಿ ನೋಡಿದ್ದು ಹೈಸ್ಕೂಲಿನಲ್ಲಿದ್ದಾಗ. ನಮ್ಮ ಗದ್ದೆಗೆ ನಾಟಿ ಹಾಕಲು ಬರುತ್ತಿದ್ದ ಹೆಂಗಸರಿಗೆ ಕಾಫಿ ಕೊಡುವ ಲೋಟಗಳು ಕೊಟ್ಟಿಗೆಯ ಗೂಡಿನಲ್ಲಿ ಬೇರೆಯೇ ಇರುತ್ತಿದ್ದವು. ತೊಳೆದಿಡುವುದೂ ಅವರೇ. ಅದುವರೆಗೆ ಅದೊಂದು ವಿಷಯ ಎಂದೇ ನನಗೆ ಅನ್ನಿಸಿರಲಿಲ್ಲ. ಮರುದಿನ ಅಜ್ಜಿಯನ್ನು ಕೇಳಿದೆ. ‘ಹೋಗಿ ಓದಿಕೋ’ ಎಂದರು.

ಇತ್ತೀಚಿನದು ಬೇಕೆಂದರೆ ‘ತಿಥಿ’ ನೋಡಿ. ನಮ್ಮ ಜಿಲ್ಲೆಯದೇ ನೊದೆಕೊಪ್ಪಲಿನ ಕಡೆ ತೆಗೆದದ್ದು. ನಟಿಸಿದವರು ಆ ಸುತ್ತಿನ ಊರಿನವರೇ. ಎಲ್ಲರೂ ಗಡ್ಡಪ್ಪನ ಮಾತಿಗೆ ನಗುತ್ತಾರೆ. ನನಗೆ ಹತ್ತಿರವಾದದ್ದು ಜಮೀನು ಮಾರಲು ಕಾಗದಪತ್ರ ಹಿಡಿದು ಅಲೆಯುವ ಅವನ ಮಗನ ಪಾಡು. ನಮ್ಮ ತಾತ ತೀರಿಕೊಂಡು ಹನ್ನೆರಡು ವರ್ಷ ಖಾತೆ ಅವರ ಹೆಸರಿನಲ್ಲೇ ಇತ್ತು. ಆ ಅಲೆದಾಟ ನನಗೂ ಗೊತ್ತು.

ಪಂಚೆ ಕಟ್ಟಿದ ಗೌಡರು, ಜಾತ್ರೆ, ಬಾವಿಕಟ್ಟೆಯ ಹಾಡು ಇರುವ ಚಿತ್ರಗಳ ಬಗ್ಗೆ ಹೇಳಲು ನನಗೆ ಹೆಚ್ಚೇನಿಲ್ಲ. ಅಲ್ಲಿ ಗೌಡರ ಹೊಲ ಯಾವಾಗಲೂ ಹಸಿರು, ಕಳೆ ಕೀಳುವವರು ಮಾತ್ರ ಕಾಣುವುದಿಲ್ಲ. ‘ಚೋಮನ ದುಡಿ’ಯಿಂದಲೇ ಶುರುಮಾಡಿ.