ಭಾಷಾ ಸಮಾಧಾನ: ಶುಭಾಶಯಕ್ಕೆ ಯಾವ ‘ಶ’?

ಪ್ರಶ್ನೆ: ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದಂದು ನಮ್ಮ ಓಣಿಯ ವಾಟ್ಸಾಪ್ ಗುಂಪಿಗೆ ‘ಹಾರ್ಧಿಕ ಶುಭಾಷಯಗಳು, ನಾನೂ ಧ್ವಜಾರೋಹಣಕ್ಕೆ ಹೋಗಲತ್ತೀನಿ’ ಎಂದು ಬರೆದೆ. ಪಿಯುಸಿ ಓದುವ ಹುಡುಗನೊಬ್ಬ ಮೂರು ಪದ ತಪ್ಪೆಂದ. ಮೊದಲೆರಡನ್ನು ಮೊಬೈಲೇ ಸೂಚಿಸಿತ್ತು. ಮೂರನೆಯದು ನಮ್ಮ ಮನೆಮಾತು. ಯಾವುದು ತಪ್ಪು, ಸರ್?
– ಓದುಗರು, ಕಲಬುರಗಿ

ಉತ್ತರ: ಹುಡುಗ ಎರಡರಲ್ಲಿ ಸರಿ, ಮೂರನೆಯದರಲ್ಲಿ ಅವಸರಪಟ್ಟಿದ್ದಾನೆ. ‘ಶುಭಾಶಯ’ವು ‘ಶುಭ’ ಮತ್ತು ‘ಆಶಯ’ ಸೇರಿ ಆದ ಪದವಾದ್ದರಿಂದ ಅಲ್ಲಿ ‘ಷ’ಕಾರಕ್ಕೆ ಎಡೆಯಿಲ್ಲ, ಭಾಷೆ, ಭಾಷಣ ಎಂದು ಬರೆದು ರೂಢಿಯಾದ ಕೈ ‘ಭಾ’ ಬಂದೊಡನೆ ‘ಷ’ದತ್ತ ಜಾರುತ್ತದೆ. ‘ಹಾರ್ದಿಕ’ ಎಂದರೆ ಹೃದಯಕ್ಕೆ ಸಂಬಂಧಿಸಿದ್ದು. ಹೃದಯದಲ್ಲಿಲ್ಲದ ಮಹಾಪ್ರಾಣ ಅಲ್ಲಿಗೆ ಎಲ್ಲಿಂದ ಬರಬೇಕು?

ಇನ್ನು ಮೊಬೈಲಿನ ಪಾಲು. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಕೀಲಿಮಣೆಗಳಲ್ಲಿ ಸಾಮಾನ್ಯವಾಗಿ ‘ಡಿ’ಯ ಜೊತೆ ‘ಎಚ್’ ಒತ್ತಿದರೆ ‘ಧ’, ‘ಟಿ’ಯ ಜೊತೆ ಒತ್ತಿದರೆ ‘ಥ’ ಮೂಡುತ್ತದೆ. ನಾವೋ ಗೀತಾ, ಸವಿತಾ, ವಿದ್ಯಾ ಎಂಬ ಹೆಸರುಗಳನ್ನು ಇಂಗ್ಲಿಷಿನಲ್ಲಿ ‘ಎಚ್’ ಸೇರಿಸಿ ಬರೆದೇ ಬೆಳೆದವರು. ಅದೇ ರೂಢಿಯಲ್ಲಿ ಒತ್ತಿದಾಗ ವಿದ್ಯಾರ್ಥಿ ‘ವಿಧ್ಯಾರ್ಥಿ’ಯಾಗುತ್ತಾನೆ, ನಮಸ್ತೆ ‘ನಮಸ್ಥೆ’ಯಾಗುತ್ತದೆ. ‘ಅದ್ಭುತ’ದ ಪಾಡಂತೂ ಹೇಳತೀರದು: ಒತ್ತಕ್ಷರದಲ್ಲಿರಬೇಕಾದ ಮಹಾಪ್ರಾಣ ಮೇಲಕ್ಕೆ ಹತ್ತಿ ‘ಅಧ್ಬುತ’ವಾಗಿ ಕುಳಿತಿರುತ್ತದೆ.

ಎಲ್ಲವನ್ನೂ ಯಂತ್ರದ ತಲೆಗೆ ಕಟ್ಟುವಂತಿಲ್ಲ. ‘ಜಾತ್ಯಾತೀತ’, ‘ಕೋಟ್ಯಾಧಿಪತಿ’ ಎಂಬ ರೂಪಗಳು ಕೈಬರಹದ ಭಾಷಣಗಳಲ್ಲೂ ಇವೆ. ಜಾತಿ, ಅತೀತ ಎಂಬೆರಡು ಪದಗಳು ಯಣ್ ಸಂಧಿಯಲ್ಲಿ ಕೂಡುವಾಗ ‘ಇ’ಕಾರವು ‘ಯ’ಕಾರವಾಗುತ್ತದೆಯೇ ಹೊರತು ಮುಂದಿನ ಹ್ರಸ್ವ ದೀರ್ಘವಾಗುವುದಿಲ್ಲ, ಆದ್ದರಿಂದ ‘ಜಾತ್ಯತೀತ’, ‘ಕೋಟ್ಯಧಿಪತಿ’. ‘ಅತ್ಯಾಧುನಿಕ’ ಮಾತ್ರ ಸರಿಯೇ, ಏಕೆಂದರೆ ‘ಆಧುನಿಕ’ದಲ್ಲಿ ದೀರ್ಘ ಮೊದಲಿನಿಂದಲೂ ಇದೆ.

‘ಹೋಗಲತ್ತೀನಿ’ ಕಾಗುಣಿತದ ತಪ್ಪಲ್ಲ. ‘ಹೋಗಲು’ ಎಂಬುದಕ್ಕೆ, ತೊಡಗು ಎಂಬ ಅರ್ಥದ ‘ಹತ್ತು’ ಸೇರಿ, ನಡುವಿನ ‘ಹ’ಕಾರ ಬಿದ್ದ ರೂಪವಿದು, ‘ಮಾಡಲತ್ತೀನಿ’, ‘ಬರಲತ್ತಾನ’ ಎಂಬವೂ ಇದೇ ಬಗೆಯವು. ತಹಶೀಲ್ದಾರರಿಗೆ ಬರೆಯುವ ಅರ್ಜಿಯಲ್ಲಾದರೆ ‘ಹೋಗುತ್ತಿದ್ದೇನೆ’ ಎನ್ನಿ, ಓಣಿಯವರಿಗೆ ಓಣಿಯ ಮಾತೇ ಸಾಕು. ನಿಮ್ಮದೇ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೆಯ ಶತಮಾನದಲ್ಲಿ, ರಚಿತವಾದ ‘ಕವಿರಾಜಮಾರ್ಗ’ವು ಕಾವ್ಯದೋಷಗಳನ್ನು ಬಿಡದೆ ಎಣಿಸುತ್ತದೆ, ಆದರೂ ಕನ್ನಡದ ದೇಸಿಗಳು, ಅಂದರೆ ಆಯಾ ಪ್ರದೇಶದ ನುಡಿಬಗೆಗಳು, ಬೇರೆಬೇರೆಯಾಗಿರುವುದರಿಂದ ಸರ್ಪರಾಜ ವಾಸುಕಿಯೂ ಅವನ್ನು ಅರಿಯಲಾರದೆ ಬೇಸರಪಡುವನೆಂದು ಒಪ್ಪಿಕೊಳ್ಳುತ್ತದೆ. ಹುಡುಗನಿಗೆ ಇದನ್ನೂ ಹೇಳಿ.

ಪ್ರಶ್ನೆ: ‘ಕಲಬುರಗಿ’ ಸರಿಯೋ, ‘ಕಲಬುರ್ಗಿ’ ಸರಿಯೋ?
– ಓದುಗರು, ಯಾದಗಿರಿ

ಉತ್ತರ: 2014ರ ನವೆಂಬರ್ 1ರಿಂದ ‘ಗುಲ್ಬರ್ಗಾ’ದ ಬದಲು ಅಧಿಕೃತವಾಗಿ ಬಂದ ಹೆಸರು ‘ಕಲಬುರಗಿ’, ವಿಳಾಸದಲ್ಲಿ ಅದನ್ನೇ ಬರೆಯಿರಿ. ‘ಕಲಬುರ್ಗಿ’ ಮಾತಿನ ವೇಗದಲ್ಲಿ ಸ್ವರ ಬಿದ್ದ ರೂಪ. ಯಾರದಾದರೂ ಮನೆತನದ ಹೆಸರಾಗಿದ್ದರೆ ಮಾತ್ರ ಅವರು ಬರೆದಂತೆಯೇ ಬರೆಯಬೇಕು.