ಆರ್‌ವಿ ಒಳಗೆ ಒಗ್ಗರಣೆ ಹಾಕಬಹುದಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಮೆರಿಕದ ಮಿಡ್‌ವೆಸ್ಟ್‌ನಲ್ಲಿರುವ ಕನ್ನಡದವರದ್ದು, ಎಲ್ಲರಿಗೂ ಬೇಸಿಗೆಯಲ್ಲಿ ಕೆರೆ ಪಕ್ಕ ಠಿಕಾಣಿ ಹೂಡುವ ಆಸೆ. ಮೂರು ಪ್ರಶ್ನೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾವು ಇಲಿನಾಯ್‌ನ ನೇಪರ್‌ವಿಲ್‌ನಲ್ಲಿದ್ದೇವೆ. ಜೂನ್‌ನಲ್ಲಿ ಸಾಗರದಿಂದ ಅತ್ತೆ ಮಾವ ಬರುತ್ತಿದ್ದಾರೆ, ಇಬ್ಬರಿಗೂ ಅರವತ್ತೈದು ದಾಟಿದೆ. ಎರಡು ಮಕ್ಕಳಿದ್ದಾರೆ. ಆರ್‌ವಿ (ಒಳಗೇ ಮಂಚ, ಒಲೆ, ಶೌಚ ಎಲ್ಲ ಇರುವ ಗಾಡಿ) ಬಾಡಿಗೆಗೆ ತೆಗೆದುಕೊಂಡು ನಾಲ್ಕು ದಿನದಲ್ಲಿ ವಿಸ್ಕಾನ್ಸಿನ್, ಮಿಷಿಗನ್ ಎರಡೂ ಕಡೆ ಕೆರೆಗಳನ್ನು ಸುತ್ತೋಣ ಅಂತ ನಮ್ಮ ಯಜಮಾನರ ಪ್ಲಾನ್. ಅತ್ತೆಗೆ ಹೊರಗಿನ ಊಟ ಒಗ್ಗಲ್ಲ. ಮಾವನಿಗೆ ದಿನಾ ಬಿಸಿನೀರಿನ ಸ್ನಾನ ಆಗಲೇಬೇಕು. ಇದೆಲ್ಲ ಆರ್‌ವಿಯಲ್ಲಿ ಸಾಧ್ಯವಾ?

ಉತ್ತರ: ಸಾಧ್ಯ. ಆದರೆ ಮೊದಲು ಯಜಮಾನರ ಪ್ಲಾನ್ ಪಕ್ಕಕ್ಕಿಡಿ. ಆರ್‌ವಿ ಅಂದರೆ ಓಡಾಡುವ ಮನೆ ಅಂತ ಎಲ್ಲರೂ ಓಡಾಡುವುದಕ್ಕೇ ಗಮನ ಕೊಡುತ್ತಾರೆ, ಸುಖ ಇರುವುದು ಅದು ನಿಂತಾಗ. ಪ್ರತಿ ಸಲ ಹೊರಡುವಾಗಲೂ ನೀರಿನ ಪೈಪು ಬಿಚ್ಚಬೇಕು, ಕರೆಂಟಿನ ಕೇಬಲ್ ಸುತ್ತಬೇಕು, ಒಳಗಿನ ಪಾತ್ರೆ ಪಗಡ ಉರುಳದ ಹಾಗೆ ಕಟ್ಟಬೇಕು, ಮುಂದಿನ ಜಾಗದಲ್ಲಿ ಚಕ್ರದ ಕೆಳಗೆ ಹಲಗೆ ಕೊಟ್ಟು ಗಾಡಿ ಮಟ್ಟ ಮಾಡಬೇಕು. ಗಾಡಿ ಓಡುವಾಗ ಎಲ್ಲರೂ ಬೆಲ್ಟ್ ಹಾಕಿ ಕೂತಿರಲೇಬೇಕು, ಅತ್ತೆ ಹಿಂದೆ ಮಂಚದ ಮೇಲೆ ಕಾಲು ಚಾಚಿ ಮಲಗಿ ಬರುವ ಹಾಗಿಲ್ಲ. ಜೊತೆಗೆ ಇಷ್ಟು ಜನಕ್ಕೆ ಸರಿಹೋಗುವ ಕ್ಲಾಸ್ ಸಿ, ಅಂದರೆ ಮಧ್ಯಮ ಗಾತ್ರದ ಗಾಡಿ ಒಂದು ಗ್ಯಾಲನ್‌ಗೆ ಎಂಟು ಹತ್ತು ಮೈಲಿ ಓಡಿದರೆ ದೊಡ್ಡದು. ಬಾಡಿಗೆಯವರು ಸಾಮಾನ್ಯವಾಗಿ ಮೈಲಿ ಲೆಕ್ಕದಲ್ಲೂ ದುಡ್ಡು ಹಾಕುತ್ತಾರೆ. ಜಾಹೀರಾತಿನ ರೇಟ್ ನೋಡಿ ಮೋಸ ಹೋಗಬೇಡಿ.

ಹಾಗಾಗಿ ಒಂದೇ ಕೆರೆ ಹಿಡಿದು ಮೂರು ರಾತ್ರಿ ಅಲ್ಲೇ ಕೂತುಬಿಡಿ. ನಿಮ್ಮ ಮನೆಯಿಂದ ಹೆಚ್ಚೂಕಡಿಮೆ ಒಂದು ಗಂಟೆ ದೂರದಲ್ಲಿ ಶಬೋನಾ ಕೆರೆ ಇದೆ. ಸುಮಾರು 318 ಎಕರೆ, ಸುತ್ತ ಜೋಳದ ಹೊಲ, ಮಧ್ಯೆ ಮರಗಳು, ಬೆಳಗಾದರೆ ಗಾಳ ಹಾಕಿಕೊಂಡು ಕೂತ ನಾಲ್ಕು ಜನ. ಇನ್ನೂ ದೊಡ್ಡ ನೀರು ಬೇಕು ಅಂದರೆ ದಕ್ಷಿಣಕ್ಕೆ ಮೂರು ಗಂಟೆ ಮೇಲೆ ಹೋದರೆ ಶೆಲ್ಬಿವಿಲ್ ಸಿಗುತ್ತೆ. ಅದು ನಿಜವಾಗಿ ಕೆರೆ ಅಲ್ಲ, ಹಿನ್ನೀರು. ಕಸ್ಕಾಸ್ಕಿಯಾ ನದಿಗೆ ಅಮೆರಿಕದ ಸೇನೆಯ ಇಂಜಿನಿಯರ್ ಪಡೆ ಕಟ್ಟಿದ ಅಣೆಕಟ್ಟು, ಹಿಂದೆ ಸುಮಾರು 11,000 ಎಕರೆ ನೀರು. ಲಿಂಗನಮಕ್ಕಿ ಸೀಮೆಯ ನಿಮ್ಮ ಮಾವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಮಿನ್ನೆಸೋಟ, ಉತ್ತರ ವಿಸ್ಕಾನ್ಸಿನ್ ಕೆರೆಗಳನ್ನು ಹಿಮನದಿಗಳು ಕೊರೆದು ಬಿಟ್ಟು ಹೋಗಿದ್ದು. ಇಲಿನಾಯ್, ಅಯೋವಾ ಕಡೆಯ ದೊಡ್ಡ ನೀರೆಲ್ಲ ಬಹುಪಾಲು ಹೀಗೆ ಅಣೆಕಟ್ಟಿನದ್ದೇ.

ವಿಸ್ಕಾನ್ಸಿನ್‌ನ ಡೆವಿಲ್ಸ್ ಲೇಕ್ ಥರದ ಜಾಗ ಚೆನ್ನಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ಕೆಂಪು ಬಂಡೆ, ತಿಳಿನೀರು, ಕಣ್ಣಿಗೆ ಹಬ್ಬ. ಆದರೆ ವಿಸ್ಕಾನ್ಸಿನ್ ಪಾರ್ಕುಗಳ ಜಾಗ 11 ತಿಂಗಳು ಮೊದಲೇ ಬುಕಿಂಗ್‌ಗೆ ತೆರೆಯುತ್ತೆ, ಜೂನ್ ವಾರಾಂತ್ಯ ಈಗ ಹುಡುಕಿದರೆ ಸಿಗುವುದು ಕಷ್ಟ. ಶೆಲ್ಬಿವಿಲ್ ಥರದ ಸೇನೆಯ ಕೆರೆಗಳದ್ದು ಸಾಮಾನ್ಯವಾಗಿ ಆರು ತಿಂಗಳು ಮುಂಚೆ, ರಿಕ್ರಿಯೇಷನ್ ಡಾಟ್ ಗವ್ ತಾಣದಲ್ಲಿ. ಭಾನುವಾರದಿಂದ ಬುಧವಾರದವರೆಗೆ ಇಟ್ಟುಕೊಳ್ಳಿ, ಜಾಗವೂ ಸಿಗುತ್ತೆ, ಪಕ್ಕದವರ ಸ್ಪೀಕರ್ ಕಾಟವೂ ಕಡಿಮೆ. ಒಂದು ಮಾತು: ಆ ಕೆರೆಗಳಲ್ಲಿ 62 ದಾಟಿದವರಿಗೆ ಸೀನಿಯರ್ ಪಾಸ್ ಇದ್ದರೆ ಅರ್ಧ ಬೆಲೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಇಲ್ಲಿನ ನಾಗರಿಕರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ವಿಸಿಟರ್ ವೀಸಾದ ಅತ್ತೆ ಮಾವನಿಗೆ ಸಿಗಲ್ಲ.

ಈಗ ಅಡುಗೆ. ಸೈಟಿನ (ಗಾಡಿ ನಿಲ್ಲಿಸಲು ಪಾರ್ಕಿನವರು ಕೊಡುವ ಜಾಗ) ಕರೆಂಟ್ ಕಂಬದಲ್ಲಿ 30 ಆಂಪ್, 50 ಆಂಪ್ ಅಂತ ಎರಡು ಬಗೆ ಇರುತ್ತೆ. 30 ಅಂದರೆ 120 ವೋಲ್ಟ್ ಲೆಕ್ಕದಲ್ಲಿ 3,600 ವ್ಯಾಟ್, ಅಷ್ಟೇ. ಎಸಿ ಒಂದೇ ಸುಮಾರು 1,500 ತಿನ್ನುತ್ತೆ, ಇಂಡಕ್ಷನ್ ಒಲೆ 1,800. ಆ ಮೇಲೆ ಚಟ್ನಿಗೆ ಮಿಕ್ಸಿ ಹಾಕಿದಿರೋ, ಬ್ರೇಕರ್ ಬಿತ್ತು. ನಮ್ಮ ಮೊದಲ ಟ್ರಿಪ್‌ನಲ್ಲಿ ಕತ್ತಲಲ್ಲಿ ಟಾರ್ಚ್ ಹಿಡಿದು ಬ್ರೇಕರ್ ಹುಡುಕಿದ್ದು ನಾನೇ, ಅರ್ಧ ರುಬ್ಬಿದ ಚಟ್ನಿಯನ್ನೇ ತಿಂದೆವು. ಗಾಡಿಯೊಳಗೆ ಗ್ಯಾಸ್ ಒಲೆ ಇರುತ್ತೆ, ಅನ್ನ ಸಾರು ಅದರಲ್ಲೇ ಮಾಡಿ. ಒಗ್ಗರಣೆ ಮಾತ್ರ ಹೊರಗೆ. ಒಣಮೆಣಸಿನ ಘಾಟಿಗೆ ಹೊಗೆ ಅಲಾರಾಂ ಬಡಿದುಕೊಳ್ಳುತ್ತೆ, ಇಂಗಿನ ವಾಸನೆ ಪರದೆಗೆ ಹತ್ತಿದರೆ ಕ್ಲೀನಿಂಗ್ ಚಾರ್ಜ್ ಬೀಳಬಹುದು. ಸೈಟಿನಲ್ಲಿ ಮೇಜು ಬೆಂಚು ಇರುತ್ತೆ, ಸಣ್ಣ ಕ್ಯಾಂಪ್ ಒಲೆ ಒಯ್ಯಿರಿ. ಊಟ ಮುಗಿದ ಮೇಲೆ ಎಲ್ಲ ಒಳಗಿಡಿ. ರಾತ್ರಿ ರಕೂನ್ ಬರುತ್ತೆ, ಡಬ್ಬಿ ಮುಚ್ಚಳ ತೆಗೆಯುವುದರಲ್ಲಿ ಅದು ನಮಗಿಂತ ಚುರುಕು.

ಸ್ನಾನ: ಗಾಡಿಯ ಬಿಸಿನೀರಿನ ಟ್ಯಾಂಕ್ ಎಷ್ಟೋ ಕಡೆ ಆರೇ ಗ್ಯಾಲನ್, ಅಂದರೆ ಒಂದು ಬಕೆಟ್‌ಗಿಂತ ಸ್ವಲ್ಪ ಜಾಸ್ತಿ. ಹಂಡೆ ನೀರು ಮಿಂದು ಬೆಳೆದವರಿಗೆ ಅದು ಬರೀ ಚೊಂಬಿನ ಲೆಕ್ಕ. ಮಾವನನ್ನು ಬೆಳಿಗ್ಗೆ ಬೇಗ ಪಾರ್ಕಿನ ಶವರ್ ಹೌಸ್‌ಗೆ, ಅಂದರೆ ಎಲ್ಲರಿಗೂ ಇರುವ ಸ್ನಾನದ ಮನೆಗೆ ಕಳಿಸಿ. ಹಾಗಾಗಿ ಶವರ್ ಹೌಸ್‌ಗೆ ಹತ್ತಿರದ ಸೈಟನ್ನೇ ಹಿಡಿಯಿರಿ, ನೀರಂಚಿನ ಸೈಟಿಗೆ ಆಸೆಪಡಬೇಡಿ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಶೌಚದ ನೀರು ಕಪ್ಪು ಟ್ಯಾಂಕಿಗೆ, ಸಿಂಕು ಸ್ನಾನದ್ದು ಬೂದು ಟ್ಯಾಂಕಿಗೆ. ನಾವು ಚೊಂಬು ಬಳಸುವವರು, ಅದು ಒಳ್ಳೆಯದೇ, ಕಪ್ಪು ಟ್ಯಾಂಕಿಗೆ ನೀರು ಧಾರಾಳ ಬಿದ್ದಷ್ಟೂ ಕಟ್ಟಿಕೊಳ್ಳುವುದಿಲ್ಲ. ಬೇಗ ತುಂಬುತ್ತೆ ಅಷ್ಟೇ. ಅದರ ವಾಲ್ವ್ ಮುಚ್ಚಿಯೇ ಇಡಿ. ಹೊರಡುವ ದಿನ ಟ್ಯಾಂಕ್ ಖಾಲಿ ಮಾಡುವ ಡಂಪ್ ಸ್ಟೇಷನ್‌ನಲ್ಲಿ ಮೊದಲು ಕಪ್ಪು, ಆಮೇಲೆ ಬೂದು ಬಿಡಿ, ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತೆ. ಈ ಕೆಲಸ ಪ್ಲಾನ್ ಹಾಕಿದ ಯಜಮಾನರಿಗೇ ಇರಲಿ. ಮಲಗುವ ಮುಂಚೆ ಗಾಡಿಯ ಪಕ್ಕಕ್ಕೆ ಚಾಚುವ ನೆರಳಿನ ಪರದೆಯನ್ನೂ ಮಡಿಸಲು ಹೇಳಿ, ರಾತ್ರಿ ಗಾಳಿಗೆ ಅದರ ಕೈ ಮುರಿದರೆ ಬಿಲ್ ನಿಮಗೆ.

ಪ್ರಶ್ನೆ: ನಾವು ಅಯೋವಾದ ಏಮ್ಸ್‌ನಲ್ಲಿ ಓದುವ ನಾಲ್ಕು ಜನ. ಜೂನ್‌ನಲ್ಲಿ ಸೇಲರ್‌ವಿಲ್ ಕೆರೆ ಹತ್ತಿರ ಟೆಂಟ್ ಹಾಕುವ ಯೋಚನೆ ಇದೆ. ಸುಂಟರಗಾಳಿ ಬಂದರೆ ಏನು ಮಾಡಬೇಕು? ಕೆರೆಯಲ್ಲಿ ಈಜಬಹುದಾ?

ಉತ್ತರ: ಹೋದ ತಕ್ಷಣ ಒಂದು ವಿಷಯ ಬಾಯಿಪಾಠ ಮಾಡಿ: ನೀವಿರುವ ಕೌಂಟಿಯ (ನಮ್ಮ ಜಿಲ್ಲೆಯ ಥರ) ಹೆಸರು. ಎಚ್ಚರಿಕೆ ಕೊಡುವಾಗ ರೇಡಿಯೋದಲ್ಲಿ ಕೌಂಟಿ ಹೆಸರು ಹೇಳುತ್ತಾರೆ, ಕ್ಯಾಂಪ್‌ಗ್ರೌಂಡ್ ಹೆಸರಲ್ಲ. ಎಷ್ಟೋ ಜನ ತಮ್ಮ ಕೌಂಟಿಯ ಹೆಸರು ಕೂಗುತ್ತಿದ್ದರೂ ಬೇರೆಲ್ಲೋ ಅಂದುಕೊಂಡು ಜೋಳ ಸುಡುತ್ತಾ ಕೂತಿರುತ್ತಾರೆ. ಟೊರ್ನೇಡೋ ವಾಚ್ ಅಂದರೆ ಬರಬಹುದಾದ ವಾತಾವರಣ ಇದೆ. ವಾರ್ನಿಂಗ್ ಅಂದರೆ ಯಾರೋ ಕಂಡಿದ್ದಾರೆ ಇಲ್ಲವೇ ರೇಡಾರಿನಲ್ಲಿ ಕಾಣಿಸಿದೆ, ಆಗ ಟೆಂಟೂ ಬೇಡ, ಕಾರೂ ಬೇಡ, ಆರ್‌ವಿ ಅಂತೂ ಬೇಡವೇ ಬೇಡ. ಇಟ್ಟಿಗೆ ಕಾಂಕ್ರೀಟಿನ ಶೌಚಾಲಯ ಕಟ್ಟಡಕ್ಕೆ ಓಡಿ. ಅದೆಲ್ಲಿದೆ ಅಂತ ಹಗಲಲ್ಲೇ ನೋಡಿಟ್ಟುಕೊಳ್ಳಿ.

ಸುಂಟರಗಾಳಿಗಿಂತ, ಸುತ್ತದೆ ಒಂದೇ ದಿಕ್ಕಿಗೆ ಬೀಸುವ ನೇರ ಗಾಳಿಯೇ ಹೆಚ್ಚು ಸಲ ಎದುರಾಗುತ್ತೆ. 2020ರ ಆಗಸ್ಟ್ 10ರಂದು ಅಯೋವಾ ದಾಟಿಹೋದ ಡೆರೇಚೋ ಅನ್ನುವ ಇಂಥ ನೇರ ಗಾಳಿ ಕೆಲವು ಕಡೆ ಗಂಟೆಗೆ 140 ಮೈಲಿ ಮುಟ್ಟಿತ್ತು ಅಂತ ಅಂದಾಜು, ಹೊಲದ ಜೋಳ ಚಾಪೆ ಹಾಸಿದ ಹಾಗೆ ಮಲಗಿತ್ತು. ಟೆಂಟ್ ಹಾಕುವ ಮುಂಚೆ ತಲೆ ಎತ್ತಿ ನೋಡಿ, ಒಣ ಕೊಂಬೆ ಇದ್ದರೆ ಜಾಗ ಬದಲಿಸಿ.

ಈಜುವುದು ಗುರುತು ಮಾಡಿದ ಬೀಚಿನಲ್ಲಿ ಮಾತ್ರ. ಹೊಲದ ಗೊಬ್ಬರ ಮಳೆಗೆ ಕೊಚ್ಚಿಕೊಂಡು ಕೆರೆ ಸೇರುತ್ತೆ, ಬಿಸಿಲು ಏರಿದಾಗ ಪಾಚಿ ಹಬ್ಬುತ್ತೆ. ನೀರಿನ ಮೇಲೆ ಹಸಿರು ಪೇಂಟ್ ಚೆಲ್ಲಿದ ಹಾಗೆ ಕಂಡರೆ ಇಳಿಯಬೇಡಿ, ಅದರಲ್ಲಿ ವಿಷ ಇರಬಹುದು. ಬೋರ್ಡ್ ಹಾಕಿದ್ದರೆ ಓದಿ. ಹುಲ್ಲಲ್ಲಿ ಓಡಾಡಿ ಬಂದ ಮೇಲೆ ಮಂಡಿ ಹಿಂದೆ, ಕಂಕುಳಲ್ಲಿ ರಕ್ತ ಹೀರುವ ಉಣ್ಣೆ ಹುಳ ಕಚ್ಚಿಕೊಂಡಿದೆಯಾ ನೋಡಿಕೊಳ್ಳಿ.

ಪ್ರಶ್ನೆ: ಮಿಷಿಗನ್‌ನಲ್ಲಿದ್ದೇವೆ. ಹಿತ್ತಲಲ್ಲಿ ಕಡಿಸಿದ ಮರದ ಸೌದೆ ಬೇಕಾದಷ್ಟಿದೆ. ಲಡಿಂಗ್ಟನ್ ಪಾರ್ಕಿಗೆ ಒಯ್ಯಬಹುದಾ?

ಉತ್ತರ: ಬೇಡ. 2002ರಲ್ಲಿ ಡೆಟ್ರಾಯ್ಟ್ ಹತ್ತಿರ ಪತ್ತೆಯಾದ ಒಂದು ಹಸಿರು ದುಂಬಿ ಕೋಟಿಗಟ್ಟಲೆ ಆ್ಯಶ್ ಮರಗಳನ್ನು ಕೊಂದಿದೆ, ಅದು ದೂರ ದೂರ ಹಬ್ಬಿದ್ದು ಮುಖ್ಯವಾಗಿ ಸೌದೆ ಜೊತೆಗೆ ಕಾರಿನಲ್ಲಿ ಕೂತು. ಪಾರ್ಕಿನಲ್ಲೇ ಸೌದೆ ಕೊಳ್ಳಿ. ಇಲ್ಲವೇ ಹತ್ತಿರದ ಹಳ್ಳಿ ರಸ್ತೆಯಲ್ಲಿ ನಿಧಾನವಾಗಿ ಹೋಗಿ, ಯಾವುದಾದರೂ ಮನೆ ಮುಂದೆ ಸೌದೆ ಕಟ್ಟು ಜೋಡಿಸಿಟ್ಟು ಪಕ್ಕದಲ್ಲಿ ದುಡ್ಡಿನ ಡಬ್ಬಿ ಇಟ್ಟಿರುತ್ತಾರೆ. ಕಾವಲಿಗೆ ಯಾರೂ ಇರಲ್ಲ. ಒಂದು, ಐದು ಡಾಲರ್ ನೋಟು ಇಟ್ಟುಕೊಂಡಿರಿ, ಡಬ್ಬಿ ಚಿಲ್ಲರೆ ಕೊಡುವುದಿಲ್ಲ.