ಗಂಗಾವತಿಯಲ್ಲಿ ಚಳಿ ಶುರುವಾದರೆ ಮನೆ ತುಂಬಾ ನೊಣ, ಇಲ್ಲೇ ಅಡಗಿ ಚಳಿಗಾಲ ಕಳೆಯುತ್ತವಾ?

ಇಲ್ಲ. ಹಾಗೆ ಅಟ್ಟದ ಸಂದಿಯಲ್ಲಿ ಗುಂಪಾಗಿ ಚಳಿಗಾಲ ಕಳೆಯುವುದು ಯುರೋಪ್, ಅಮೆರಿಕದ ಬೇರೆ ಜಾತಿಯ ನೊಣ. ಅದರ ಮರಿ ಬೆಳೆಯುವುದು ಎರೆಹುಳುವಿನ ಮೈಯೊಳಗೆ! ನಿಮ್ಮಲ್ಲಿರುವುದು ಮಾಮೂಲಿ ಮನೆನೊಣ. ಬೆಳಗಿನ ಚಳಿಗೆ ಬೆಚ್ಚಗಿನ ಅಡುಗೆಮನೆ ಹುಡುಕಿ ಬರುತ್ತದೆ, ಅಷ್ಟೇ.

ಅದು ಹುಟ್ಟುವುದು ತಿಪ್ಪೆ, ಕೊಟ್ಟಿಗೆ, ಕೊಳೆತ ಕಸದಲ್ಲಿ. ಒಂದು ಸಲಕ್ಕೆ 100ರ ಸುಮಾರು ಮೊಟ್ಟೆ ಇಡುತ್ತದೆ. ನಮ್ಮ ಕಡೆಯ ಬಿಸಿಲಿಗೆ ಹತ್ತೇ ದಿನದಲ್ಲಿ ಅವೂ ಹಾರಾಡುತ್ತವೆ. ಹಾಗಾಗಿ ಸುಮ್ನೆ ಸ್ಪ್ರೇ ಹೊಡೆದು ಪ್ರಯೋಜನವಿಲ್ಲ, ಊಟದ ಹತ್ತಿರವಂತೂ ಬೇಡವೇ ಬೇಡ. ಸಗಣಿಯನ್ನು ವಾರಕ್ಕೆರಡು ಸಲ ತೆಗೆದು, ಮನೆಯಿಂದ ದೂರ ಹಾಕಿ ಮುಚ್ಚಿಡಿ. ಕಿಟಕಿಗೆ ಜಾಲರಿ ಹಾಕಿಸಿ. ರಾತ್ರಿ ನೊಣ ಕೂರುವುದು ತೂಗುವ ಹಗ್ಗ, ವೈರಿನ ಮೇಲೆ. ಅಂಟುಪಟ್ಟಿ ಅಲ್ಲೇ ನೇತುಹಾಕಿ.